ಸಾಸಿವೆಯಷ್ಟು ಅಕ್ಷರ

ಮೊಮ್ಮಗಳಿಗೆ ಪದವಿಯಲ್ಲಿ ಪತ್ರಿಕೋದ್ಯಮ ಒಂದು ವಿಷಯ. ಪರೀಕ್ಷೆ ಹತ್ತಿರ ಬಂದಿದೆ. ಮುಧೋಳದ ನಮ್ಮ ಪಡಸಾಲೆಯ ತುಂಬ ಹಳೆಯ ಪತ್ರಿಕೆಗಳು. ಒಂದೊಂದು ಜಾಹೀರಾತಿಗೂ ಅವಳದು ಎರಡು ಪ್ರಶ್ನೆ: ಏನು ತೋರಿಸಿದ್ದಾರೆ? ಏನು ಹೇಳದೆ ಬಿಟ್ಟಿದ್ದಾರೆ?

ಮೊದಲು ಮೈಸೂರು ಸ್ಯಾಂಡಲ್ ಸೋಪು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ್ದು. ಅದರ ಗುರುತು ಶರಭ: ಆನೆಯ ತಲೆ, ಸಿಂಹದ ದೇಹ.

“ಸಾಬಾಣಕ್ಕೂ ಶರಭಕ್ಕೂ ಏನ್ ಸಂಬಂಧ ಅಜ್ಜಾ?”

“ನೊರಿ ಬರಾಕ ಸಂಬಂಧ ಇಲ್ಲವ್ವಾ. ನಂಬಿಕಿ ಬರಾಕ ಐತಿ.”

ಆಮೇಲೆ ಸಿಕ್ಕಿದ್ದು ‘ಶೂನ್ಯ ಬಡ್ಡಿ’ಯ ಮೊಬೈಲ್ ಜಾಹೀರಾತು. ಇದು ನಮ್ಮ ಬ್ಯಾಂಕಿನವರ ವಿದ್ಯೆ. ಪೆನ್ನು ತೆಗೆದೆ. ನಗದಾದರೆ 11,000 ರೂಪಾಯಿ ಎಂದಿಟ್ಟುಕೊಳ್ಳಿ. ಕಂತಾದರೆ ತಿಂಗಳಿಗೆ 1,000ದಂತೆ 12 ತಿಂಗಳು, ಜೊತೆಗೆ ಪ್ರೊಸೆಸಿಂಗ್ ಫೀ 500. ಹೆಚ್ಚು ಕೊಟ್ಟದ್ದು 1,500. ಹೆಸರು ಬೇರೆ, ಕೆಲಸ ಬಡ್ಡಿಯದೇ. ಶೂನ್ಯ ಬಡ್ಡಿ ಎಂಬುದೇ ಇಲ್ಲವೆಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ತಿಳಿಸಿತ್ತು.

ಆ ಮೊಬೈಲು ಅವಳಿಗೂ ಬೇಕಾಗಿತ್ತು. ಲೆಕ್ಕ ನೋಡಿ, “ರೊಕ್ಕ ಕೂಡೂತನ ತಡೀತೀನಿ ಬಿಡಜ್ಜಾ” ಅಂದಳು.

ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿವರೆಗೆ ದಂಡವಿದೆ. ಆದರೆ ಕೆಳಗೆ ಸಾಸಿವೆಯಷ್ಟು ಅಕ್ಷರದಲ್ಲಿ ‘ಷರತ್ತುಗಳು ಅನ್ವಯ’ ಎಂದಿರುತ್ತದಲ್ಲ, ಅದನ್ನು ಓದಬೇಕಾದವರು ನಾವೇ.

ಮಕ್ಕಳೇ, ಈ ವಾರ ಅಜ್ಜ-ಅಜ್ಜಿಯ ಪಕ್ಕ ಕೂತು ಒಂದು ಜಾಹೀರಾತು ಓದಿ. ಸಣ್ಣ ಅಕ್ಷರ ಅವರಿಗೆ ಕಾಣುವುದಿಲ್ಲ, ನೀವು ಓದಿ ಹೇಳಿ. ಲೆಕ್ಕ ಅವರು ಹಾಕುತ್ತಾರೆ.