ಗೃಹಸ್ಥರ ಪುಟ: ಮೊದಲ ಸಾಲಿನ ಮರ್ಯಾದೆ

ಕಳೆದ ತಿಂಗಳು ನಾವು ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ, ನಮ್ಮ ಬಂಧುಗಳೊಬ್ಬರ ಮನೆಯಲ್ಲಿ ಎರಡು ದಿನ ತಂಗಿದ್ದೆವು. ಊಟವಾದ ಬಳಿಕ ಜಗುಲಿಯ ಮೇಲೆ ಎಲೆಯಡಕೆಗೆ ಕುಳಿತಿದ್ದಾಗ, ಆ ಮನೆಯವರನ್ನು ಕೆಲವು ದಿನಗಳಿಂದ ಕಾಡುತ್ತಿದ್ದ ಒಂದು ವಿಚಾರವು ನಮ್ಮ ಮುಂದೆ ಬಂದಿತು. ಮನೆಯ ಹಿರಿಯ ಮಗನು ಕಂಪ್ಯೂಟರಿನ ವಿದ್ಯೆಯನ್ನು ಕಲಿತವನು. ಶಿವಮೊಗ್ಗೆಯಲ್ಲಿದ್ದ ಕೆಲಸವನ್ನು ಬಿಟ್ಟು ಬಂದು, ಮಕ್ಕಳು ಫೋನಿನ ಪರದೆಯ ಮೇಲೆ ಸಾಕತಕ್ಕ ಒಂದು ಮಲೆನಾಡು ಗಿಡ್ಡ ಕರುವನ್ನು ಕಲ್ಪಿಸಿ, ಅದಕ್ಕಾಗಿ ಕನ್ನಡದಲ್ಲಿಯೇ ಒಂದು ಜಾಲತಾಣವನ್ನು ಕಟ್ಟಿರುವನು. ಬೆಳಿಗ್ಗೆ ಹುಲ್ಲು, ಮಧ್ಯಾಹ್ನ ನೀರು, ಸಂಜೆ ಮೈತೊಳೆಯುವುದು. ಇಷ್ಟನ್ನು ಮಗು ಮರೆಯದೆ ನಡೆಯಿಸಿದರೆ ಕರು ಬೆಳೆಯುವುದು, ಮರೆತರೆ ಮುಖ ಬಾಡಿಸಿಕೊಂಡು ಮಲಗುವುದು. ಮೊದಲನೆಯ ಕರುವಿಗೆ ಹಣವಿಲ್ಲ. ಎರಡನೆಯದು ಬೇಕಾದಲ್ಲಿ ತಂದೆತಾಯಿಗಳು ವರ್ಷಕ್ಕೆ ನೂರು ರೂಪಾಯಿ ತೆರಬೇಕು. ವರ್ಷವೊಂದು ಕಳೆದರೂ ಆ ಕೊಟ್ಟಿಗೆಗೆ ಬಂದ ಮಕ್ಕಳು ಬೆರಳೆಣಿಕೆಯಷ್ಟು ಮಾತ್ರ. ಏಕೆಂದರೆ ಗೂಗಲಿನಲ್ಲಿ ಹುಡುಕುವವರಿಗೆ ಆ ತಾಣವು ನಾಲ್ಕನೆಯ ಪುಟದಲ್ಲೆಲ್ಲೋ ಸಿಕ್ಕುವುದು. ಅಲ್ಲಿಯವರೆಗೆ ಹೋಗುವ ತಾಳ್ಮೆ ಯಾರಿಗುಂಟು?

ಹೀಗಿರಲು ಪಟ್ಟಣದ ಮಧ್ಯವರ್ತಿಯೊಬ್ಬನು, ನಲವತ್ತು ಸಾವಿರ ರೂಪಾಯಿ ಕೊಟ್ಟರೆ ಮೂರು ತಿಂಗಳೊಳಗಾಗಿ ತಾಣವನ್ನು ಮೊದಲ ಸಾಲಿಗೆ ಖಂಡಿತವಾಗಿ ತರುವೆನೆಂದು ಹೇಳಿಕಳುಹಿಸಿದ್ದನು. ತಾಯಿಯವರು ತಮ್ಮ ಪಾಲಿನ ಅಡಕೆಯ ಹಣವನ್ನು ಕೊಡಲು ಸಿದ್ಧರಾಗಿದ್ದರು. "ಎಲ್ಲರೂ ಹೀಗೆಯೇ ಮಾಡುತ್ತಾರಂತೆ, ಭಾವ. ನಮ್ಮ ಹುಡುಗನೊಬ್ಬನೇ ಮಡಿಯುಟ್ಟು ಕುಳಿತರೆ ಆದೀತೇ?" ಎಂಬುದು ಅವರ ಮಾತು. ಮಗನು ಮಾತ್ರ ಸುಮ್ಮನಿದ್ದನು. ನಮ್ಮ ಅಭಿಪ್ರಾಯವನ್ನು ಕೇಳಿದ್ದರಿಂದ, ಅಲ್ಲಿ ಹೇಳಿದ್ದನ್ನೇ ಇಲ್ಲಿ ವಾಚಕರ ಮುಂದೆಯೂ ಇಡುತ್ತೇವೆ. ಮಕ್ಕಳಿರುವ ಮನೆಗಳಿಗೆಲ್ಲ ಇದು ಬೇಕಾದ ವಿಷಯವೇ ಆಗಿದೆ.

ಪರದೆಯ ಪ್ರಾಣಿಯೆಂದರೆ ಹಿರಿಯರಿಗೆ ನಗೆ ಬರಬಹುದು. ೧೯೯೬ರಲ್ಲಿ ಜಪಾನಿನ ಬಂಡೈ ಕಂಪೆನಿಯು ಮೊಟ್ಟೆಯಾಕಾರದ ತಮಾಗೋಚಿ ಎಂಬ ಆಟಿಕೆಯನ್ನು ಹೊರತಂದಾಗಲೂ ಹಲವರು ನಕ್ಕರು. ಆದರೆ ಅದರೊಳಗಿನ ಮರಿಯು ಸತ್ತಾಗ ಮಕ್ಕಳು ಅತ್ತದ್ದು ಸುಳ್ಳಲ್ಲ. ೧೯೯೯ರಲ್ಲಿ ನಿಯೋಪೆಟ್ಸ್ ಎಂಬ ತಾಣವು ಪ್ರಾರಂಭವಾದ ಮೇಲಂತೂ ಲೋಕದ ಎಷ್ಟೋ ಮಕ್ಕಳು ಇಂತಹ ಪ್ರಾಣಿಗಳಿಗೆ ಹೆಸರಿಟ್ಟು ಉಣಿಸಿ ಬೆಳೆಸಿದರು. ಹಂದಿಯೊಡನೆ ಹೋರಾಡಿ ಮಡಿದ ಕಾಳಿಯೆಂಬ ಬೇಟೆನಾಯಿಗೆ ಹತ್ತನೆಯ ಶತಮಾನದಲ್ಲಿ ಆತಕೂರಿನಲ್ಲಿ ಕಲ್ಲು ನಿಲ್ಲಿಸಿದ ನಾಡು ನಮ್ಮದು. ಸಾಕಿದ ಪ್ರಾಣಿಯ ಮೇಲಣ ಮಮತೆ ಎಂತಹುದೆಂಬುದನ್ನು ನಮಗೆ ಬೇರೆಯವರು ಹೇಳಬೇಕಾದುದಿಲ್ಲ. ಆ ಮಮತೆಯೇ ಇಲ್ಲಿ ವ್ಯಾಪಾರದ ಬಂಡವಾಳ. ಆದಕಾರಣ ಮಗುವನ್ನು ಯಾವ ತಾಣದ ಬಾಗಿಲಿಗೆ ಮೊದಲು ಕರೆದೊಯ್ಯಲಾಗುವುದೆಂಬುದು ಸಣ್ಣ ಮಾತಲ್ಲ.

ಆ ಮೊದಲ ಸಾಲು ಹೇಗೆ ಹುಟ್ಟುವುದು? ಹುಡುಕುವ ಯಂತ್ರವು ಲೋಕದ ಪುಟಗಳನ್ನು ಮುಂಚಿತವಾಗಿಯೇ ಓದಿ, ಯಾವ ಮಾತು ಎಲ್ಲಿದೆಯೆಂದು ಪಟ್ಟಿ ಮಾಡಿಟ್ಟುಕೊಂಡಿರುವುದು. ಒಂದೇ ಮಾತು ಸಾವಿರ ಪುಟಗಳಲ್ಲಿದ್ದರೆ ಯಾವುದನ್ನು ಮೊದಲು ತೋರಿಸಬೇಕು? ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ ಎಂಬ ಇಬ್ಬರು ವಿದ್ಯಾರ್ಥಿಗಳು ೧೯೯೮ರಲ್ಲಿ ಪ್ರಕಟಿಸಿದ ಉಪಾಯವು ಇದಕ್ಕೆ ಉತ್ತರವಾಯಿತು. ಒಂದು ಪುಟವು ಮತ್ತೊಂದಕ್ಕೆ ಕೊಂಡಿಯನ್ನು ಹಾಕಿದರೆ ಅದೊಂದು ಸಾಕ್ಷಿ. ಸಾಕ್ಷಿ ನುಡಿದವನು ತಾನೇ ಗಣ್ಯನಾಗಿದ್ದರೆ ಆ ಸಾಕ್ಷಿಗೆ ತೂಕ ಹೆಚ್ಚು. ಈಗ ಇದರೊಡನೆ ಬೇರೆ ಅನೇಕ ಗುಣಗಳನ್ನೂ ಯಂತ್ರವು ಅಳೆಯುವುದಾದರೂ ಮೂಲತತ್ತ್ವವು ಉಳಿದುಬಂದಿದೆ.

ಇದು ತಾಳಗುಂದದವರಿಗೆ ಹೊಸ ತರ್ಕವಲ್ಲ. ಅಲ್ಲಿಯ ಪ್ರಣವೇಶ್ವರ ದೇವಾಲಯದ ಮುಂದಣ ಕಂಬದ ಮೇಲೆ, ಐದನೆಯ ಶತಮಾನದ ಕದಂಬರ ಶಾಸನದಲ್ಲಿ, ಆ ಶಿವಾಲಯವನ್ನು ಶಾತಕರ್ಣಿ ಮೊದಲಾದ ಅರಸರು ಪೂಜಿಸಿದ್ದರೆಂದು ಹೇಳಿದೆ. ದೇವಾಲಯವು ತನ್ನನ್ನು ತಾನೇ ಹೊಗಳಿಕೊಳ್ಳುವುದಕ್ಕಿಂತ, ಬಲ್ಲವರು ನಡೆದುಬಂದು ತಲೆಬಾಗಿದ್ದುದೇ ಅದರ ಹಿರಿಮೆಗೆ ಸಾಕ್ಷಿ.

ಸಾಕ್ಷಿಗೆ ಬೆಲೆ ಬಂದಾಗ ಸುಳ್ಳುಸಾಕ್ಷಿಗೂ ಸಂತೆ ಕೂಡುವುದು. ಮಧ್ಯವರ್ತಿಯು ಮಾಡಹೊರಟ ಕೆಲಸವೇನೆಂದು ಮಗನನ್ನೇ ಕೇಳಿದೆವು. ಆತನು ಮರೆಮಾಚದೆ ಹೇಳಿದನು. ಯಾರೂ ಓದದ ನೂರಾರು ಹುಸಿ ತಾಣಗಳನ್ನು ಹೂಡಿ, ಅವುಗಳಿಂದೆಲ್ಲ ಕರುವಿನ ತಾಣಕ್ಕೆ ಕೊಂಡಿ ಹಾಕಿಸುವುದೊಂದು. ಬಿಳಿಯ ಹಿನ್ನೆಲೆಯ ಮೇಲೆ ಬಿಳಿಯ ಅಕ್ಷರಗಳಲ್ಲಿ, ಓದುಗನಿಗೆ ಕಾಣದಂತೆ ಯಂತ್ರಕ್ಕೆ ಮಾತ್ರ ಕಾಣುವಂತೆ, ಪ್ರಸಿದ್ಧವಾದ ಬೇರೆ ಆಟಗಳ ಹೆಸರುಗಳನ್ನು ತುಂಬುವುದು ಇನ್ನೊಂದು. ಮೂರನೆಯದು ಈ ವ್ಯಾಪಾರದಲ್ಲಿ ಬಹಳ ಹಿಂದಿನಿಂದಲೂ ಬಂದ ಚಾಳಿ. ಉತ್ತಮ ಆಟಗಳ ಪಟ್ಟಿ ಕಟ್ಟುವ ತಾಣಗಳಿಗೆ ಹೋಗಿ ದಿನವೂ ಮತ ಹಾಕಿಬಂದ ಮಗುವಿಗೆ, ಆಟದೊಳಗೆ ನಾಣ್ಯವನ್ನೋ ಮೇವನ್ನೋ ಇನಾಮು ಕೊಡುವುದು. ಹಸಿದ ಕರುವನ್ನು ತೋರಿಸಿ ಮಗುವಿನಿಂದ ಮತ ಪಡೆಯುವುದಕ್ಕೆ ಏನೆಂದು ಹೆಸರಿಡೋಣ? ಮತವೆಂದರೆ ಮಾರತಕ್ಕ ವಸ್ತುವೆಂಬ ಮೊದಲ ಪಾಠವನ್ನು ಆ ಮಗುವು ಅಲ್ಲಿಯೇ ಕಲಿಯುವುದು.

ಇದರಿಂದ ಕೆಡುವವರು ಇಬ್ಬರು. ಒಳ್ಳೆಯದೆಂದು ನಂಬಿ ಮೊದಲ ಸಾಲನ್ನು ಒತ್ತಿದ ಮಗು ಒಬ್ಬರು. ಒಳ್ಳೆಯದನ್ನು ಮಾಡಿಯೂ ಹಿಂದೆ ಬಿದ್ದ ಇಂತಹ ತರುಣರು ಇನ್ನೊಬ್ಬರು. ಅದಲ್ಲದೆ ಲಾಭವಾದರೂ ನಿಲ್ಲುವುದೆಂಬ ನೆಚ್ಚಿಕೆಯಿಲ್ಲ. ಯಂತ್ರಕ್ಕೊಂದು, ಓದುಗನಿಗೊಂದು ಪುಟವನ್ನು ತೋರಿಸಿದ ಕಾರಣಕ್ಕೆ ೨೦೦೬ರಲ್ಲಿ ಬಿಎಂಡಬ್ಲ್ಯು ಮೋಟಾರು ಕಂಪೆನಿಯ ಜರ್ಮನ್ ತಾಣವನ್ನೇ ಗೂಗಲ್ ತನ್ನ ಪಟ್ಟಿಯಿಂದ ಕೆಲವು ದಿನ ತೆಗೆದುಹಾಕಿತ್ತು. ೨೦೧೨ರಲ್ಲಿ ಗೂಗಲ್ ತನ್ನ ಲೆಕ್ಕವನ್ನು ತಿದ್ದಿದಾಗ, ಕೊಂಡುಕೊಂಡ ಕೊಂಡಿಗಳ ಮೇಲೆ ನಿಂತಿದ್ದ ಎಷ್ಟೋ ತಾಣಗಳು ಜಾರಿಬಿದ್ದವು. ಮೊದಲ ಸ್ಥಾನವನ್ನು ಖಂಡಿತವಾಗಿ ಕೊಡಿಸಲು ಯಾರಿಂದಲೂ ಆಗದೆಂದು ಗೂಗಲ್ ತಾನೇ ತಿಳಿಸಿದೆ. ಜಾರಿಬಿದ್ದಾಗ ಮಧ್ಯವರ್ತಿಯು ಅಡಕೆಯ ಹಣವನ್ನು ಹಿಂದಿರುಗಿಸುವನೇ?

ಹಾಗಾದರೆ ಮುಂದೆ ಬರುವ ಆಸೆಯೇ ತಪ್ಪೇ? ಖಂಡಿತ ಅಲ್ಲ. ಅಂಗಡಿಗೆ ನಾಮಫಲಕವನ್ನು ಹಾಕುವುದು ಮೋಸವಲ್ಲ. ಎಸ್‌ಇಒ ಎಂದು ಕರೆಯುವ ವಿದ್ಯೆಯಲ್ಲಿ ನೇರವಾದ ದಾರಿಯೂ ಉಂಟು. ಪುಟದ ತಲೆಬರಹವು ಒಳಗಿರುವುದನ್ನೇ ಹೇಳಲಿ. ತಾಯಂದಿರೂ ಮಕ್ಕಳೂ ನಿಜವಾಗಿ ಬಳಸುವ ಮಾತುಗಳು ಪುಟದಲ್ಲಿ ಕಣ್ಣಿಗೆ ಕಾಣುವಂತೆಯೇ ಇರಲಿ. ಹಳ್ಳಿಯ ನಿಧಾನವಾದ ಸಂಪರ್ಕದಲ್ಲಿಯೂ ಪುಟವು ಬೇಗನೆ ತೆರೆಯಲಿ. ಚಿತ್ರಗಳಿಗೆ ಅಕ್ಷರದ ವಿವರಣೆಯಿರಲಿ. ತಾಣವನ್ನು ನಡೆಯಿಸುವವರು ಯಾರು, ಯಾವ ವಯಸ್ಸಿನವರಿಗೆ, ಎಷ್ಟು ಖರ್ಚು ಎಂಬುದು ಮೊದಲ ಪುಟದಲ್ಲಿಯೇ ಇರಲಿ. ಶಾಲೆಯ ಉಪಾಧ್ಯಾಯರಿಗೆ ತೋರಿಸಿ, ಮೆಚ್ಚಿದವರು ತಮ್ಮ ಮಾತಿನಲ್ಲಿ ಬರೆಯಲಿ. ಹಣ ಕೊಟ್ಟು ಬರೆಯಿಸಿದ್ದಾದರೆ, ಅದು ಪ್ರಾಯೋಜಿತವೆಂದು ಕೊಂಡಿಗೆ ಗುರುತು ಹಾಕಲು ೨೦೧೯ರಿಂದ ಬೇರೆಯ ಸಂಜ್ಞೆಯೇ ಇದೆ. ೨೦೨೩ರಲ್ಲಿ ನಮ್ಮ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವೂ ವೇಷ ಮರೆಸಿಕೊಂಡ ಜಾಹೀರಾತನ್ನು ನಿಷಿದ್ಧ ತಂತ್ರಗಳ ಪಟ್ಟಿಗೆ ಸೇರಿಸಿತು.

ನ್ಯಾಯವು ತಾಣದವರಿಗೆ ಮಾತ್ರವಲ್ಲ, ಪಟ್ಟಿ ಮಾಡುವವರಿಗೂ ಬೇಕು. ಹುಡುಕಾಟದ ಫಲಿತಗಳಲ್ಲಿ ಪಕ್ಷಪಾತ ಮಾಡಿದುದಕ್ಕಾಗಿ ೨೦೧೮ರಲ್ಲಿ ಭಾರತದ ಸ್ಪರ್ಧಾ ಆಯೋಗವು ಗೂಗಲಿಗೆ ೧೩೫.೮೬ ಕೋಟಿ ರೂಪಾಯಿ ದಂಡ ವಿಧಿಸಿತು. ೨೦೨೧ರ ಜೂನ್ ತಿಂಗಳಲ್ಲಿ, ಭಾರತದ ಅತಿ ಕುರೂಪ ಭಾಷೆ ಯಾವುದೆಂದು ಕೇಳಿದವರಿಗೆ ಅದೇ ಯಂತ್ರವು ಕನ್ನಡವೆಂದು ಉತ್ತರ ಕೊಟ್ಟುದನ್ನು ಕನ್ನಡಿಗರು ಮರೆತಿಲ್ಲ. ಯಾವುದೋ ಗೊತ್ತುಗುರಿಯಿಲ್ಲದ ಪುಟದ ಮಾತನ್ನು ಎತ್ತಿ ತಲೆಯ ಮೇಲಿಟ್ಟಿದ್ದುದೇ ಅದಕ್ಕೆ ಕಾರಣ. ನಾಡೆಲ್ಲ ಸಿಟ್ಟಾದ ಮೇಲೆ ಗೂಗಲ್ ಅದನ್ನು ತೆಗೆದು ಕ್ಷಮೆ ಬೇಡಿತು. ಮೊದಲು ಬಂದುದೆಲ್ಲ ಸತ್ಯವಲ್ಲವೆಂಬುದಕ್ಕೆ ನಮಗೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ.

ಸಂಜೆ ಮಗನೊಡನೆ ದೇವಾಲಯಕ್ಕೆ ಹೋದೆವು. ಕಂಬವನ್ನು ತೋರಿಸಿ ಆತನು, "ಇದೂ ಅರಸನ ಜಾಹೀರಾತೇ ಅಲ್ಲವೇ, ದೊಡ್ಡಪ್ಪ?" ಎಂದು ನಕ್ಕನು. ಅಹುದು, ಪ್ರಶಸ್ತಿಯೇ. ಆದರೆ ಶಾಂತಿವರ್ಮನ ಆಜ್ಞೆಯಂತೆ, ಕುಬ್ಜನೆಂಬ ನಾನು ನನ್ನ ಕಾವ್ಯವನ್ನು ಕಲ್ಲಿನ ಮೇಲೆ ಬರೆದೆನೆಂದು ಕವಿಯು ಅಲ್ಲಿಯೇ ಹೇಳಿಕೊಂಡಿರುವನು. ಹೊಗಳಿಸಿದವರು ಯಾರು, ಹೊಗಳಿದವರು ಯಾರು ಎಂಬುದನ್ನು ಮುಚ್ಚಿಲ್ಲ. ಓದುವವನು ತೂಗಿ ನೋಡಬಹುದು. ಹೊಗಳಿಕೆಯು ತನ್ನ ಹೆಸರನ್ನು ಹೇಳಿಕೊಂಡು ನಿಂತರೆ ಅದರಲ್ಲಿ ಅಧರ್ಮವಿಲ್ಲ; ಹೆಸರನ್ನು ಮರೆಸಿ ಸಾಕ್ಷಿಯ ವೇಷ ಹಾಕಿದಾಗಲೇ ಅಧರ್ಮ.

ಮಧ್ಯವರ್ತಿಗೆ ಬೇಡವೆಂದು ಹೇಳಿಕಳುಹಿಸಿದ್ದಾಗಿ ಮೊನ್ನೆ ಪತ್ರ ಬಂದಿತು. ತಾಣವು ಇನ್ನೂ ಮೊದಲ ಸಾಲಿಗೆ ಬಂದಿಲ್ಲ. ಮೂರನೆಯ ಪುಟಕ್ಕೆ ಬಂದಿದೆಯಂತೆ. ಮಗನು ಇನ್ನೊಂದು ವರ್ಷ ನೋಡುವೆನೆಂದು ಬರೆದಿರುವನು. ಆ ವರ್ಷವು ಆತನಿಗೆ ಹಗುರವಾಗಲಿಕ್ಕಿಲ್ಲವೆಂಬುದನ್ನು ನಾವು ಬಲ್ಲೆವು. ಅದನ್ನು ಹಗುರ ಮಾಡುವ ಕೆಲಸ ವಾಚಕರ ಕೈಯಲ್ಲಿಯೂ ಇದೆ. ಮಗುವು ಪರದೆಯ ಪ್ರಾಣಿಯನ್ನು ಬೇಡಿದಾಗ ಮೊದಲ ಸಾಲಿನಲ್ಲಿಯೇ ನಿಲ್ಲದೆ ಕೆಳಗಿನವುಗಳನ್ನೂ ಒಮ್ಮೆ ತೆರೆದು ನೋಡಿರಿ. ನಡೆಯಿಸುವವರ ಹೆಸರಿದೆಯೇ, ಹಣದ ಮಾತು ಸ್ಪಷ್ಟವಾಗಿದೆಯೇ, ಮತಕ್ಕೆ ಇನಾಮಿನ ಆಸೆ ತೋರಿಸಿದೆಯೇ ಎಂದು ವಿಚಾರಿಸಿರಿ. ಒಳ್ಳೆಯದು ಸಿಕ್ಕಿದರೆ ನಾಲ್ಕು ಮನೆಗೆ ಹೇಳಿರಿ. ಕೊಳ್ಳಲಾಗದ ಸಾಕ್ಷಿಯೆಂದರೆ ಅದೇ.