ಪದಪಟ್ಟಿ ಉರು ಹೊಡೆದರೆ ಇಂಗ್ಲಿಷ್ ಬರುವುದಿಲ್ಲ



ಧಾರವಾಡದ ಸಪ್ತಾಪುರದಲ್ಲಿ ಯಾವ ಝೆರಾಕ್ಸ್ ಅಂಗಡಿಗೆ ಹೋದರೂ ಸ್ಪರ್ಧಾತ್ಮಕ ಪರೀಕ್ಷೆಗೆಂದು ಮಾಡಿದ ಇಂಗ್ಲಿಷ್ ಪದಪಟ್ಟಿಗಳು ಸಿಗುತ್ತವೆ. ಎಡಕ್ಕೊಂದು ಕಠಿಣ ಪದ, ಬಲಕ್ಕೆ ಒಂದೆರಡು ಸಮಾನಾರ್ಥಕ, ಪಕ್ಕದಲ್ಲಿ ಕನ್ನಡದ ಒಂದು ಅರ್ಥ. ಉದಾಹರಣೆಗೆಂದು ಒಂದು ವಾಕ್ಯವೂ ಇರುವುದಿಲ್ಲ. ಹಳ್ಳಿಗಳಿಂದ ಬಂದು ರೂಮು ಮಾಡಿಕೊಂಡಿರುವ ಕನ್ನಡ ಮಾಧ್ಯಮದ ಹುಡುಗ ಹುಡುಗಿಯರು ಈ ಹಾಳೆಗಳನ್ನು ನಸುಕಿನಲ್ಲೆದ್ದು ಉರು ಹೊಡೆಯುತ್ತಾರೆ. ಅವರ ಇಷ್ಟೆಲ್ಲ ಶ್ರಮ ವ್ಯರ್ಥವಾಗುತ್ತಿದೆ ಎಂಬ ಸಂಕಟದಿಂದ ಈ ಪತ್ರ ಬರೆಯುತ್ತಿದ್ದೇನೆ.

'ಪಾರ್ಡನ್', 'ಕಂಡೋನ್' ಎಂಬೆರಡು ಪದಗಳನ್ನೇ ನೋಡಿ. ಪಟ್ಟಿಗಳಲ್ಲಿ ಎರಡರ ಮುಂದೆಯೂ 'ಕ್ಷಮಿಸು' ಎಂದೇ ಇರುತ್ತದೆ. ಸಂವಿಧಾನದ 72ನೇ ವಿಧಿಯಂತೆ ರಾಷ್ಟ್ರಪತಿಗಳು ಶಿಕ್ಷೆಗೊಳಗಾದವರಿಗೆ ಕೊಡಬಹುದಾದದ್ದು ಪಾರ್ಡನ್. ಮೇಲ್ಮನವಿ ಸಲ್ಲಿಸುವುದು ತಡವಾದಾಗ, 1963ರ ಕಾಲಮಿತಿ ಕಾಯ್ದೆಯ 5ನೇ ಕಲಮಿನಡಿ ವಕೀಲರು ಕೋರ್ಟನ್ನು ಕೇಳಿಕೊಳ್ಳುವುದು ವಿಳಂಬವನ್ನು ಕಂಡೋನ್ ಮಾಡಿರೆಂದು. ಕಂಡೋನ್ ಮಾಡುವುದು ನಡೆದ ತಪ್ಪನ್ನು. ಮನುಷ್ಯರಿಗೆ ಆ ಪದ ಸಲ್ಲದು. ನಾಳೆ ಸರ್ಕಾರಿ ಕಚೇರಿಯಲ್ಲಿ ಕಡತ ಬರೆಯಬೇಕಾದವರು ತಿಳಿದಿರಬೇಕಾದ ವ್ಯತ್ಯಾಸ ಇದು. ಹಾಗೆಯೇ 'ನೋಟೋರಿಯಸ್' ಎಂದರೆ 'ಪ್ರಸಿದ್ಧ' ಎಂದಷ್ಟೇ ಕಲಿತವರು ತಮ್ಮ ಮುಖ್ಯೋಪಾಧ್ಯಾಯರನ್ನು ವೇದಿಕೆಯ ಮೇಲೆ ಹಾಗೆ ಹೊಗಳಿದರೆ ಅದು ನಿಂದನೆಯಾಗುತ್ತದೆ. ಅಪಘಾತಗಳಿಗೆ ಕುಖ್ಯಾತವಾದ ರಸ್ತೆಯ ಬಗ್ಗೆ ಒಂದು ವಾಕ್ಯ ಕೊಟ್ಟಿದ್ದರೆ ಆ ಪದದ ಗುಣ ತಾನಾಗಿ ತಿಳಿಯುತ್ತಿತ್ತು.

ಇಂಗ್ಲಿಷ್ ಮನೆಮಾತಲ್ಲದವರಿಗೆ ಪದ ಕಲಿಸುವ ಒಳ್ಳೆಯ ದಾರಿ ಹೊಸದೇನಲ್ಲ, ಹೊರಗಿನದೂ ಅಲ್ಲ. ಢಾಕಾದ ಶಿಕ್ಷಕರ ತರಬೇತಿ ಕಾಲೇಜಿನಲ್ಲಿದ್ದ ಮೈಕೇಲ್ ವೆಸ್ಟ್ ಬಂಗಾಳದ ಮಕ್ಕಳ ಓದಿನ ಕಷ್ಟವನ್ನು ಹತ್ತಿರದಿಂದ ಕಂಡವರು. 1935ರಲ್ಲಿ ಬಂದ ಅವರ ನಿಘಂಟು ಸುಮಾರು 24,000 ಪದ, ಪದಗುಚ್ಛಗಳನ್ನು 1,490 ಸರಳ ಪದಗಳಲ್ಲೇ ವಿವರಿಸಿತು. ಎ.ಎಸ್. ಹಾರ್ನ್‌ಬಿ ಜಪಾನಿನಲ್ಲಿ ಪಾಠ ಹೇಳುತ್ತ ಸಿದ್ಧಪಡಿಸಿ, 1942ರಲ್ಲಿ ಅಲ್ಲೇ ಅಚ್ಚಾದ ನಿಘಂಟು ಮುಂದೆ ಆಕ್ಸ್‌ಫರ್ಡಿನ ಹೆಸರಾಂತ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿಯಾಗಿ ಬೆಳೆಯಿತು. ಸರಳ ವಿವರಣೆ, ಕೆಳಗೆ ಪ್ರಯೋಗ: ಅದರ ಕ್ರಮ ಇಷ್ಟೇ. ನಮ್ಮ ಕಿಟ್ಟೆಲ್ ಕೂಡ 1894ರ ತಮ್ಮ ಕನ್ನಡ ನಿಘಂಟಿನಲ್ಲಿ ಕಾವ್ಯಪ್ರಯೋಗಗಳನ್ನೂ ಗಾದೆಗಳನ್ನೂ ಕೊಟ್ಟೇ ಅರ್ಥ ಹೇಳಿದರು.

ಹುಡುಗರು ಪಟ್ಟಿಗೆ ಅಂಟಿಕೊಂಡದ್ದಕ್ಕೆ ಕಾರಣ ಪ್ರಶ್ನೆಪತ್ರಿಕೆ. ಕೇಂದ್ರ ಸಿಬ್ಬಂದಿ ನೇಮಕಾತಿ ಆಯೋಗದ ಪದವಿ ಮಟ್ಟದ ಪರೀಕ್ಷೆಯ ಎರಡನೇ ಹಂತದಲ್ಲಿ ಇಂಗ್ಲಿಷಿಗೆ 45 ಪ್ರಶ್ನೆ, 135 ಅಂಕ. ಸಮಾನಾರ್ಥಕ, ವಿರುದ್ಧಾರ್ಥಕ, ಒನ್‌ವರ್ಡ್ ಸಬ್‌ಸ್ಟಿಟ್ಯೂಷನ್ ಎಲ್ಲವೂ ಪಠ್ಯಕ್ರಮದಲ್ಲೇ ಇವೆ. ಬಿಡಿ ಪದಕ್ಕೆ ಬಿಡಿ ಪದ ಕೇಳಿದರೆ ಕೋಚಿಂಗಿನವರು ಅದನ್ನೇ ಕೊಡುತ್ತಾರೆ. ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಸೇರಲು ಬರೆಯುವ ಜಿಆರ್‌ಇ ಪರೀಕ್ಷೆಯಿಂದ ವಿರುದ್ಧಾರ್ಥಕ ಪದದ ಪ್ರಶ್ನೆಗಳನ್ನು 2011ರಲ್ಲೇ ಕೈಬಿಟ್ಟರು. ಈಗ ಅಲ್ಲಿ ಪದಗಳನ್ನು ವಾಕ್ಯದೊಳಗಿಟ್ಟೇ ಕೇಳುತ್ತಾರೆ. ಲಕ್ಷಾಂತರ ಜನ ಬರೆಯುವ ಪರೀಕ್ಷೆಗೆ ಬಹು ಆಯ್ಕೆಯ ಪ್ರಶ್ನೆಗಳೇ ಬೇಕು ಎಂಬುದನ್ನು ಒಪ್ಪುತ್ತೇನೆ. ಆದರೆ ವಾಕ್ಯ ಕೊಟ್ಟು, ಖಾಲಿ ಜಾಗಕ್ಕೆ ಹತ್ತಿರದರ್ಥದ ನಾಲ್ಕು ಪದಗಳಲ್ಲಿ ಒಂದನ್ನು ಆರಿಸಿ ಎಂದು ಕೇಳಲು ಅಡ್ಡಿಯೇನು? ಆಯೋಗದ ಪತ್ರಿಕೆಯಲ್ಲಿ ಬಿಟ್ಟಸ್ಥಳ ತುಂಬುವ ಪ್ರಶ್ನೆಗಳು ಈಗಲೂ ಇವೆ. ಬಿಡಿ ಪದದ ಪ್ರಶ್ನೆಗಳ ಅಂಕವನ್ನೂ ಅವಕ್ಕೇ ಕೊಡಲಿ.

ನಮ್ಮ ರಾಜ್ಯ ಮಾಡಬಹುದಾದ ಕೆಲಸವೂ ಒಂದಿದೆ. ಆಸ್ತಿ ತೆರಿಗೆಯ ಜೊತೆ ನಾವೆಲ್ಲ ಗ್ರಂಥಾಲಯ ಕರ ಕಟ್ಟುತ್ತೇವೆ. ಆ ಹಣದಲ್ಲಿ ನಗರ ಮತ್ತು ಜಿಲ್ಲಾ ಕೇಂದ್ರ ಗ್ರಂಥಾಲಯಗಳ ಸ್ಪರ್ಧಾತ್ಮಕ ಪರೀಕ್ಷೆಯ ವಿಭಾಗಕ್ಕೆ ಗೈಡುಗಳ ಜೊತೆಗೆ ಕಲಿಯುವವರ ನಿಘಂಟಿನ ಹೊಸ ಆವೃತ್ತಿಗಳನ್ನೂ ತರಿಸಲಿ, ಓದುವ ಮೇಜಿನ ಮೇಲೆ ಕೈಗೆಟಕುವಂತೆ ಇಡಲಿ. ಪಂಚಾಯತ್ ರಾಜ್ ಇಲಾಖೆಯೂ ಗ್ರಾಮಗಳ ಅರಿವು ಕೇಂದ್ರಗಳಿಗೆ ಒಂದೊಂದು ಪ್ರತಿ ಕೊಡಲಿ.

ಅಲ್ಲಿಯವರೆಗೆ ವಿದ್ಯಾರ್ಥಿಗಳಿಗೆ ನನ್ನದೊಂದು ಮಾತು. ಆಕ್ಸ್‌ಫರ್ಡ್, ಕೇಂಬ್ರಿಜ್, ಲಾಂಗ್‌ಮನ್ ಮೂರರ ಕಲಿಯುವವರ ನಿಘಂಟುಗಳೂ ಮೊಬೈಲಿನಲ್ಲಿ ಉಚಿತವಾಗಿ ಸಿಗುತ್ತವೆ. ದಿನಕ್ಕೆ ಐದೇ ಪದ ನೋಡಿ. ಆದರೆ ಪ್ರತಿ ಪದಕ್ಕೂ ಅಲ್ಲಿರುವ ವಾಕ್ಯ ಓದಿ, ನಿಮ್ಮದೇ ಒಂದು ವಾಕ್ಯ ಬರೆದು, ಬಲ್ಲವರಿಗೆ ತೋರಿಸಿ ತಿದ್ದಿಸಿಕೊಳ್ಳಿ.

ನಿವೃತ್ತ ಇಂಗ್ಲಿಷ್ ಉಪನ್ಯಾಸಕಿ,
ಧಾರವಾಡ