ಐದು ದಿನವೂ ಕಚೇರಿಯೇ ಏಕೆ?
ವಾರವಿಡೀ ಕಚೇರಿಗೇ ಬನ್ನಿ ಎಂದು ಹಟ ಹಿಡಿಯುವ ಬೆಂಗಳೂರಿನ ಐಟಿ ಮ್ಯಾನೇಜರುಗಳು ಶಾಂಘೈನ ಪ್ರವಾಸ ಕಂಪನಿ ಸಿಟ್ರಿಪ್ ನಡೆಸಿದ ಎರಡು ಪ್ರಯೋಗಗಳನ್ನು ಓದಲೇಬೇಕು. 2010ರ ಕೊನೆಯಲ್ಲಿ ಅದು ತನ್ನ ಕಾಲ್ ಸೆಂಟರ್‌ನಲ್ಲಿ ಮುಂದೆ ಬಂದವರ ಪೈಕಿ ಜನ್ಮದಿನ ಸಮಸಂಖ್ಯೆಯಾಗಿದ್ದವರನ್ನು ವಾರಕ್ಕೆ ನಾಲ್ಕು ದಿನದಂತೆ ಒಂಬತ್ತು ತಿಂಗಳು ಮನೆಯಿಂದ ದುಡಿಸಿತು. ಕೆಲಸ ಶೇ 13ರಷ್ಟು ಹೆಚ್ಚಿತು, ಕೆಲಸ ಬಿಡುವವರು ಅರ್ಧಕ್ಕಿಳಿದರು. ಆದರೆ ಅವಧಿ ಮುಗಿದಾಗ ಹಲವರು ತಾವಾಗಿಯೇ ಕಚೇರಿಗೆ ಮರಳಿದರು. ಒಂಟಿತನ ಅವರನ್ನು ಹಿಂಡಿತ್ತು. ಚೆನ್ನಾಗಿ ದುಡಿದರೂ ಬಡ್ತಿ ಸಿಗುವುದು ಕಡಿಮೆಯಾಗಿತ್ತು. ಮನೆಯಿಂದ ಕೆಲಸದ ಪರವಾಗಿ ಮಾತಾಡುವವರು ಈ ಭಾಗವನ್ನು ಹೇಳುವುದೇ ಇಲ್ಲ. 2021ರಲ್ಲಿ ಅದೇ ಕಂಪನಿ 1,612 ಪದವೀಧರ ನೌಕರರ ಮೇಲೆ ಮತ್ತೊಂದು ಪರೀಕ್ಷೆ ನಡೆಸಿತು: ಒಂದು ಗುಂಪಿಗೆ ಎರಡು ದಿನ ಮನೆ, ಮೂರು ದಿನ ಕಚೇರಿ. ಬಡ್ತಿಗೆ ಪೆಟ್ಟು ಬೀಳಲಿಲ್ಲ, ರಾಜೀನಾಮೆಗಳು ಮೂರನೇ ಒಂದರಷ್ಟು ಕುಗ್ಗಿದವು, ಅದರಲ್ಲೂ ಮಹಿಳೆಯರಲ್ಲಿ ಮತ್ತು ದೂರದಿಂದ ಬರುವವರಲ್ಲಿ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ ದಾಟಿ ಕೆಲಸಕ್ಕೆ ಹೋಗುವವರಿಗೆ ಆ ದೂರ ಎಷ್ಟೆಂದು ವಿವರಿಸಬೇಕಿಲ್ಲ. ಹೊಸಬರ ಮಾತು ಬೇರೆ. ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ, ಮಂಚದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಯಾರೂ ಕಸುಬು ಕಲಿಯಲಾರರು. ಪಕ್ಕದಲ್ಲಿ ಕೂತು ತಿದ್ದುವ ಹಿರಿಯರು ಅವರಿಗೆ ಬೇಕು. ಹಾಗಾಗಿ ಕಚೇರಿಯ ದಿನಗಳಂದು ಹಿರಿಯರು ಕಡ್ಡಾಯವಾಗಿ ಬರಲಿ. ಖಾಲಿ ಕುರ್ಚಿಗಳ ನಡುವೆ ಕೂತು ಮತ್ತೆ ವಿಡಿಯೊ ಕರೆಯಲ್ಲೇ ಮಾತಾಡಬೇಕಾದರೆ, ಆ ಹುಡುಗ ಹುಡುಗಿಯರನ್ನು ಹೊರವರ್ತುಲ ರಸ್ತೆಯಲ್ಲಿ ಗಂಟೆಗಟ್ಟಲೆ ಬೇಯಿಸುವುದು ಅನ್ಯಾಯ.